ಎಷ್ಟನೇ ಮೆಟ್ಟಿಲಲ್ಲಿ ಸರ ಹೋಯಿತು?

2011ರ ಮಾತು. ಶ್ರಾವಣದ ಒಂದು ಶುಕ್ರವಾರ ಸಂಜೆ ನನ್ನ ಹೆಂಡತಿ ಆಫೀಸಿನಿಂದ ಲೋಕಲ್‌ನಲ್ಲಿ ಬಂದಿಳಿದು, ಸ್ಟೇಷನ್ನಿನ ಬ್ರಿಜ್ ಹತ್ತಿ, ಆಗಷ್ಟೇ ಹೊಸದಾಗಿ ಕಟ್ಟಿದ್ದ ಸ್ಕೈವಾಕಿನ ಕಡೆಗೆ ನಡೆಯುತ್ತಿದ್ದಳು. ಹಿಂದಿನಿಂದ ಬಂದ ಹುಡುಗನೊಬ್ಬ ಕರಿಮಣಿ ಸರಕ್ಕೆ ಕೈ ಹಾಕಿ ಎಳೆದುಕೊಂಡು ಓಡಿಬಿಟ್ಟ. ಕತ್ತಿನಲ್ಲೊಂದು ಕೆಂಪು ಗೆರೆ, ಕೈಯಲ್ಲಿ ಗೇಣುದ್ದದ ತುಂಡು. ಉಳಿದದ್ದು ಅಷ್ಟೇ. ಊರಿನ ಹೆಸರು ಬೇಡ. ನಮ್ಮ ಸೆಂಟ್ರಲ್ ಲೈನಿನ ಯಾವ ಊರಾದರೂ ಆದೀತು.

ರೈಲ್ವೆ ಪೊಲೀಸರ ಹತ್ತಿರ ಹೋದೆವು. "ಬ್ರಿಜ್ ಮೇಲೆ ಆಯ್ತಾ, ಸ್ಕೈವಾಕ್ ಮೇಲಾ?" ಎಂದರು. ಎರಡೂ ಸೇರುವ ಮೆಟ್ಟಿಲಲ್ಲಿ ಎಂದಳು ಇವಳು. ಹಾಗಾದರೆ ಅದು ಶಹರ ಪೊಲೀಸರದ್ದು, ಅಲ್ಲಿಗೆ ಹೋಗಿ. ಅಲ್ಲಿಗೆ ಹೋದರೆ, ಮೆಟ್ಟಿಲು ರೈಲ್ವೆಯವರದ್ದು, ಇಲ್ಲಿ ಬರೆದುಕೊಳ್ಳಲು ಆಗುವುದಿಲ್ಲ. ಹೀಗೆ ಎರಡು ಸುತ್ತು ಆದ ಮೇಲೆ, ರಾತ್ರಿ ಹನ್ನೊಂದರ ಹೊತ್ತಿಗೆ ಒಬ್ಬ ಹವಾಲ್ದಾರರು ಟಾರ್ಚು ಹಿಡಿದು ನಮ್ಮ ಜೊತೆ ಬಂದು ಮೆಟ್ಟಿಲು ಎಣಿಸಿದರು, ನಂಬಿ! "ಹೇಳಿ ವಹಿನಿ, ಎಷ್ಟನೇ ಮೆಟ್ಟಿಲಲ್ಲಿ ಸರ ಹೋಯಿತು?" ಕೊನೆಗೆ ಮಾರನೇ ದಿನ ದೂರು ಬರೆದುಕೊಂಡದ್ದು ಹೇಗೆ ಗೊತ್ತೇ? ಸರ "ಕಳೆದುಹೋಗಿದೆ" ಅಂತ. ಕಿತ್ತುಕೊಂಡದ್ದಲ್ಲ, ಕಳೆದುಹೋದದ್ದು! ಕತ್ತಿನ ಗೆರೆ ಮಾಸಲು ಒಂದು ವಾರ ಬೇಕಾಯಿತು.

ಆ ಹವಾಲ್ದಾರರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಬೆಳಿಗ್ಗೆಯಿಂದ ನಿಂತ ಕಾಲು, ಮನೆಗೆ ಹೋಗಲು ಕೊನೆಯ ಕಸಾರಾ ಗಾಡಿ ತಪ್ಪೀತೆಂಬ ಚಿಂತೆ ಅವರ ಮುಖದಲ್ಲೇ ಕಾಣುತ್ತಿತ್ತು. ಸಿಟ್ಟು ಬರುವುದು ಬೇರೆಯದಕ್ಕೆ. ಆ ರಾತ್ರಿ ನಾನು ಯಾರನ್ನು ಕೇಳಬೇಕಿತ್ತು? ನಮ್ಮ ನಗರಸೇವಕರನ್ನು ಕೇಳಿದೆ. "ಗಟಾರದ ವಿಷಯ ಇದ್ರೆ ಹೇಳಿ ಶೆಟ್ರೇ, ಪೊಲೀಸ್ ನಮ್ಮ ಕೈಲಿಲ್ಲ" ಎಂದರು. (ನಾನು ಶೆಟ್ಟಿ ಅಲ್ಲ. ಆದರೆ ಇಲ್ಲಿ ನಾವೆಲ್ಲ ಶೆಟ್ರೇ ತಾನೇ.) ಅವರು ಹೇಳಿದ್ದು ಸುಳ್ಳಲ್ಲ. ಹದಿನೈದು ವರ್ಷದಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಆ ಮಾತೇ.

ತಮಾಷೆ ನೋಡಿ, ನಮ್ಮ ಜಿಲ್ಲೆಯ ಹೆಸರೇ ಮರಾಠಿಯಲ್ಲಿ ಠಾಣೆ. ಪೊಲೀಸ್ ಸ್ಟೇಷನ್ನಿಗೂ ಅದೇ ಶಬ್ದ. ಹೆಸರಲ್ಲಿ ಠಾಣೆ ಇದೆ, ಠಾಣೆಯ ಮೇಲೆ ಊರಿಗೆ ಹಕ್ಕಿಲ್ಲ! 2011ರ ಜನಗಣತಿಯಲ್ಲಿ ಒಂದು ಕೋಟಿ ಹತ್ತು ಲಕ್ಷ ಜನರಿದ್ದ ಈ ಜಿಲ್ಲೆ ಇಡೀ ದೇಶದಲ್ಲೇ ಅತಿ ಹೆಚ್ಚು ಜನ ಇದ್ದ ಜಿಲ್ಲೆಯಾಗಿತ್ತು. 2014ರಲ್ಲಿ ಪಾಲ್ಘರ್ ಬೇರೆಯಾಯಿತು. 1981ರಲ್ಲಿ ಥಾಣೆಗೆ ಪೊಲೀಸ್ ಕಮಿಷನರೇಟ್ ಬಂತು, 1994ರಲ್ಲಿ ನವಿ ಮುಂಬಯಿಗೆ, 2020ರಲ್ಲಿ ಮೀರಾ-ಭಾಯಂದರ್ ವಸಯಿ-ವಿರಾರಿಗೆ. ಇದನ್ನೇ ವಿಕೇಂದ್ರೀಕರಣ ಅಂತ ನಮಗೆ ತೋರಿಸುತ್ತಾರೆ. ಬೋರ್ಡುಗಳು ಹೆಚ್ಚಿದವು, ಕೆಂಪು ದೀಪದ ಕಾರುಗಳು ಹೆಚ್ಚಿದವು, ಬೀಟಿನ ಪೊಲೀಸ್ ಕಡೆಗೂ ಯಾರಿಗೆ ಉತ್ತರ ಕೊಡಬೇಕು? ಹಿರಿಯ ಇನ್ಸ್‌ಪೆಕ್ಟರಿಗೆ, ಅವರು ಡಿಸಿಪಿಗೆ, ಅವರು ಕಮಿಷನರಿಗೆ, ಅವರು ಮಂತ್ರಾಲಯಕ್ಕೆ. ರಾಯರ ಮಂತ್ರಾಲಯ ಅಲ್ಲ ಮಾರಾಯ್ರೇ, ನಾರಿಮನ್ ಪಾಯಿಂಟಿನದ್ದು. ರಾಯರಾದರೆ ಹರಕೆ ಹೊತ್ತವರ ಮಾತು ಒಂದು ದಿನ ಕೇಳಿಯಾರು.

ನೈಜೀರಿಯಾದ ಕಥೆ ಇತ್ತೀಚೆಗೆ ಓದುತ್ತಿದ್ದೆ. ಅಲ್ಲಿ 36 ರಾಜ್ಯಗಳು, ಪೊಲೀಸ್ ಪಡೆ ಮಾತ್ರ ದೇಶಕ್ಕೆಲ್ಲ ಒಂದೇ. ಬೇರೆ ಪೊಲೀಸ್ ಇರಕೂಡದು ಅಂತ ಅವರ 1999ರ ಸಂವಿಧಾನವೇ ಹೇಳುತ್ತದೆ. ಉತ್ತರದಲ್ಲಿ ಬೋಕೋ ಹರಾಮ್, ಶಾಲಾ ಮಕ್ಕಳ ಅಪಹರಣ, ಹಳ್ಳಿಗೆ ಹಳ್ಳಿಯೇ ಗುಳೆ. ರಾಜ್ಯದ ಗವರ್ನರು ಹೆಸರಿಗೆ ಭದ್ರತೆಯ ಮುಖ್ಯಸ್ಥ, ಅಲ್ಲಿನ ಪೊಲೀಸ್ ಕಮಿಷನರ್ ಮಾತ್ರ ಅಬುಜಾದ ಮಾತು ಕೇಳುವವನು. ಅದಕ್ಕೇ ರಾಜ್ಯಗಳಿಗೆ ಅವರದೇ ಪೊಲೀಸ್ ಕೊಡಿ ಎಂಬ ಕೂಗು ಅಲ್ಲಿ ವರ್ಷಗಳಿಂದ ಇದೆ. ನಮ್ಮಲ್ಲಿ ಅದು ಸಂವಿಧಾನ ಬಂದ ದಿನವೇ ಸಿಕ್ಕಿದೆ. ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಮೊದಲ ಎರಡು ಸಾಲೇ ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸ್. ಹಾಗಾದರೆ ನಾವು ಗೆದ್ದೆವೇ? ದಿಲ್ಲಿಯಿಂದ ಇಳಿದು ಬಂದ ಅಧಿಕಾರ ಮಂತ್ರಾಲಯದ ಆರನೇ ಮಹಡಿಯಲ್ಲಿ ಲಿಫ್ಟು ಕೆಟ್ಟು ನಿಂತ ಹಾಗೆ ನಿಂತುಬಿಟ್ಟಿದೆ. ಅಲ್ಲಿಂದ ಕೆಳಗೆ ಮೆಟ್ಟಿಲೇ ಇಲ್ಲ.

1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ನಗರಗಳಿಗೆ ಹನ್ನೆರಡನೇ ಅನುಸೂಚಿ ಕೊಟ್ಟಿತು. ಹದಿನೆಂಟು ವಿಷಯಗಳು. ಬೀದಿ ದೀಪ ಇದೆ, ಅಗ್ನಿಶಾಮಕ ದಳ ಇದೆ, ಸ್ಮಶಾನ ಇದೆ, ದನದ ದೊಡ್ಡಿಯೂ ಇದೆ. ಪೊಲೀಸ್ ಇಲ್ಲ. ಅಂದರೆ ಕತ್ತಲೆ ಸ್ಕೈವಾಕಿಗೆ ದೀಪ ಹಾಕಿ ಎಂದು ಪಾಲಿಕೆಯನ್ನು ಕೇಳಬಹುದು, ಅಲ್ಲಿ ಒಬ್ಬ ಪೊಲೀಸ್ ನಿಲ್ಲಿಸಿ ಎಂದು ಕೇಳುವಂತಿಲ್ಲ. ನಮ್ಮ ಕರ್ನಾಟಕದ ಕಥೆಯೂ ಬೇರೆಯಲ್ಲ. ನೀರ್‌ಸಾಬ್ ಎಂದೇ ಜನ ಕರೆದ ಅಬ್ದುಲ್ ನಜೀರ್ ಸಾಹೇಬರು 1983ರ ಕಾನೂನು ತಂದು, 1987ರಲ್ಲಿ ಚುನಾವಣೆಯಾಗಿ, ಜಿಲ್ಲಾ ಪರಿಷತ್ತಿನ ಅಧ್ಯಕ್ಷರ ಕೈಕೆಳಗೆ ಐಎಎಸ್ ಅಧಿಕಾರಿಯನ್ನು ಕೂರಿಸಿದರಲ್ಲ, ಅಂಥ ಧೈರ್ಯ ಇನ್ಯಾರು ಮಾಡಿದ್ದರು? ಶಾಲೆ, ಆಸ್ಪತ್ರೆ, ಬೋರ್‌ವೆಲ್ ಎಲ್ಲ ಕೆಳಗಿಳಿಯಿತು. ಪೊಲೀಸ್ ಮಾತ್ರ ಅವರ ಕಾಲದಲ್ಲೂ ಬೆಂಗಳೂರಲ್ಲೇ ಉಳಿಯಿತು.

"ಪೊಲೀಸನ್ನು ಜನರ ಹತ್ತಿರ ತರುವುದೆಲ್ಲ ಭಾಷಣಕ್ಕೆ ಚಂದ" ಎನ್ನುವವರು ಕಲ್ಯಾಣದಲ್ಲಿ ದುರ್ಗಾಡಿ ಸೇತುವೆ ದಾಟಿ ಒಂದು ಸಲ ಭಿವಂಡಿಗೆ ಹೋಗಿ ಬರಲಿ. ಮಗ್ಗದ ಊರು. 1970ರ ಮೇ ತಿಂಗಳ ಗಲಭೆ, ಅದರ ಮೇಲೆ ನ್ಯಾಯಮೂರ್ತಿ ಮದನ್ ಆಯೋಗ. 1984ರಲ್ಲಿ ಮತ್ತೆ ಬೆಂಕಿ. ಆಗ ನಾನು ಈ ಕಡೆಗೆ ಬಂದು ಕೆಲವೇ ತಿಂಗಳಾಗಿತ್ತು. ಖೋಲಿಯಲ್ಲಿ ಎಂಟು ಜನ ಹುಡುಗರು, ಎರಡು ದಿನ ಪಾವು-ಚಹಾದಲ್ಲಿ ಕಳೆದಿದ್ದೆವು. ಅಂಥ ಊರಿಗೆ 1988ರಲ್ಲಿ ಡಿಸಿಪಿಯಾಗಿ ಸುರೇಶ್ ಖೋಪಡೆ ಬಂದರು. ಅವರು ಮಾಡಿದ್ದು ಏನು? ಹೊಸ ಬಂದೂಕು ತರಿಸಲಿಲ್ಲ. ಓಣಿ ಓಣಿಗೆ ಮೊಹಲ್ಲಾ ಸಮಿತಿ ಮಾಡಿದರು. ಎರಡೂ ಸಮುದಾಯದ ಸಾಮಾನ್ಯ ಜನ ಅದರಲ್ಲಿ. ಪುಢಾರಿಗಳ ಹಳೆಯ ಶಾಂತಿ ಸಮಿತಿ ಅಲ್ಲ, ಗಮನಿಸಿ. ಹಬ್ಬಕ್ಕೆ ಮುಂಚೆ ಮಾತ್ರ ಅಲ್ಲ, ಸುಮ್ಮನಿರುವ ದಿನಗಳಲ್ಲೂ ಸೇರಬೇಕು. ನಲ್ಲಿ ಜಗಳ, ಬಾಡಿಗೆ ಜಗಳ, ಹುಡುಗರ ಹೊಡೆದಾಟ ಎಲ್ಲ ಅಲ್ಲೇ ಮಾತಾಡಿ ತೀರಬೇಕು. ಠಾಣೆಯ ಪೊಲೀಸನಿಗೂ ತನ್ನ ಓಣಿಯ ಜನರ ಮುಖ ಗೊತ್ತಿರಬೇಕು.

1992ರ ಡಿಸೆಂಬರ್ ಬಂತು. ಮುಂಬಯಿ ಉರಿಯಿತು. ಡಿಸೆಂಬರ್, ಜನವರಿ ಎರಡೂ ಸೇರಿ 900 ಜನ ಸತ್ತರು ಎಂದು ಶ್ರೀಕೃಷ್ಣ ಆಯೋಗ ಲೆಕ್ಕ ಕೊಟ್ಟಿತು. (ಬೆಳ್ಳೂರು ನಾರಾಯಣಸ್ವಾಮಿ ಶ್ರೀಕೃಷ್ಣ, ಬೆಂಗಳೂರಲ್ಲಿ ಹುಟ್ಟಿದವರು. ಅವರ ವರದಿ ಓದಿದ ಕನ್ನಡಿಗರನ್ನು ಬೆರಳಲ್ಲಿ ಎಣಿಸಬಹುದು.) ಮುಂಬಯಿಗಿಂತ ಮೊದಲು ಉರಿಯಬೇಕಿದ್ದ ಭಿವಂಡಿ? ಶಾಂತವಾಗಿತ್ತು. ಪವಾಡ ಅಲ್ಲ ಅದು. ನಾಲ್ಕು ವರ್ಷ ವಾರ ವಾರ ಚಾಪೆ ಹಾಸಿ ಕೂತದ್ದರ ಫಲ. ಆಮೇಲೆ ಮುಂಬಯಿಯಲ್ಲೂ ಜೂಲಿಯೋ ರಿಬೇರೊ, ಸತೀಶ್ ಸಾಹ್ನಿ ಮುಂತಾದವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು.

ಇಷ್ಟು ಹೇಳಿ ನಿಲ್ಲಿಸಿದರೆ ಒಳ್ಳೆಯ ಕಥೆ. ಆದರೆ 2006ನೇ ಇಸವಿ ನೆನಪು ಮಾಡಿಕೊಳ್ಳಿ. ಜುಲೈ 5ರಂದು ಅದೇ ಭಿವಂಡಿಯಲ್ಲಿ ಗಲಾಟೆ. ಯಾತಕ್ಕೆ ಗೊತ್ತೇ? ಒಂದು ಪೊಲೀಸ್ ಠಾಣೆ ಕಟ್ಟುವ ವಿಷಯಕ್ಕೆ! ಆ ಜಾಗ ಖಬರಸ್ತಾನದ್ದು ಎಂದು ಅಲ್ಲಿಯ ಜನರ ತಕರಾರು. ಪೊಲೀಸ್ ಗುಂಡಿಗೆ ಇಬ್ಬರು ಸತ್ತರು, ಗುಂಪಿನ ಕೈಯಲ್ಲಿ ಇಬ್ಬರು ಕಾನ್‌ಸ್ಟೇಬಲರು ಸತ್ತರು. ಜನರನ್ನು ಕಾಯಲು ಕಟ್ಟುವ ಠಾಣೆಯನ್ನು ಜನರೊಡನೆ ಮಾತು ಮುಗಿಸದೆ ಕಟ್ಟಹೊರಟರೆ ಹೀಗಾಗುತ್ತದೆ. ಹದಿನೆಂಟು ವರ್ಷ ಮೊದಲು ಅದೇ ಊರಲ್ಲಿ ಚಾಪೆ ಹಾಸಿ ಕೂತವರು ಎಲ್ಲಿ ಹೋದರು? ಸಮಿತಿಗಳು ಒಬ್ಬ ಅಧಿಕಾರಿಯ ಒಳ್ಳೆಯತನದಿಂದ ಹುಟ್ಟಿದ್ದವು, ಕಾನೂನಿನಿಂದಲ್ಲ. ಅಧಿಕಾರಿಗೆ ವರ್ಗವಾಗುತ್ತದೆ, ಒಳ್ಳೆಯತನ ಚಾರ್ಜ್ ಕೊಟ್ಟು ಹೋಗುವ ವಸ್ತು ಅಲ್ಲ.

ಅದಾದ ಆರನೇ ದಿನಕ್ಕೆ, ಜುಲೈ 11ರ ಸಂಜೆ, ವೆಸ್ಟರ್ನ್ ಲೈನಿನ ಏಳು ಲೋಕಲ್‌ಗಳಲ್ಲಿ ಬಾಂಬು. ನಮ್ಮ ಲೈನಿನವರು 2003ರ ಮಾರ್ಚ್‌ನಲ್ಲಿ ಮುಲುಂಡ್‌ನಲ್ಲಿ ಕರ್ಜತ್ ಗಾಡಿಯ ಸ್ಫೋಟ ಕಂಡವರು, ಆ ರಾತ್ರಿ ಯಾರ ಮನೆಯಲ್ಲೂ ನಿದ್ದೆ ಇರಲಿಲ್ಲ. ಹನ್ನೆರಡು ಜನರಿಗೆ 2015ರಲ್ಲಿ ಶಿಕ್ಷೆಯಾಯಿತು, ಐವರಿಗೆ ಗಲ್ಲು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟು ಹನ್ನೆರಡೂ ಜನರನ್ನು ಬಿಟ್ಟಿತು, ಆರೋಪ ಸಾಬೀತಾಗಿಲ್ಲ ಎಂದು. ಸರಕಾರ ಸುಪ್ರೀಂ ಕೋರ್ಟಿಗೆ ಹೋಗಿದೆ, ಹೊರಬಂದವರನ್ನು ಮತ್ತೆ ಒಳಗೆ ಹಾಕಬೇಕಿಲ್ಲ ಎಂದು ಅದು ಹೇಳಿದೆ. ಸತ್ತವರ ಮನೆಯವರು ಯಾರನ್ನು ಕೇಳಬೇಕು? ಹತ್ತೊಂಬತ್ತು ವರ್ಷ ತಪ್ಪಿತಸ್ಥರು ಸಿಕ್ಕರು ಎಂದುಕೊಂಡೇ ಬದುಕಿದವರು ಅವರು.

ಅದೇ 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಎಂಬ ನಿವೃತ್ತ ಪೊಲೀಸ್ ಅಧಿಕಾರಿಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ತನಿಖೆ ಮಾಡುವವರನ್ನೂ ಬಂದೋಬಸ್ತು ಮಾಡುವವರನ್ನೂ ಬೇರೆ ಮಾಡಿ, ಗಣಪತಿ ಮೆರವಣಿಗೆಗೆ ಹಗ್ಗ ಹಿಡಿದವನೇ ರಾತ್ರಿ ಕೊಲೆಯ ತನಿಖೆ ಮಾಡುವುದು ಬೇಡ. ಠಾಣೆಯ ಅಧಿಕಾರಿಗೆ ಕನಿಷ್ಠ ಎರಡು ವರ್ಷ ಕೊಡಿ. ಪೊಲೀಸರ ಮೇಲಿನ ದೂರು ಕೇಳಲು ರಾಜ್ಯದಲ್ಲೂ ಜಿಲ್ಲೆಯಲ್ಲೂ ಪ್ರಾಧಿಕಾರ ಮಾಡಿ. ಅಪ್ಪಣೆಯೇನೋ ಖಡಕ್ಕಾಗಿತ್ತು. ಮಹಾರಾಷ್ಟ್ರ 2014ರಲ್ಲಿ ಕಾನೂನು ತಿದ್ದಿತು. 1951ರ ಬಾಂಬೆ ಪೊಲೀಸ್ ಆಕ್ಟ್ ಅದಕ್ಕೂ ಮೊದಲೇ ಮಹಾರಾಷ್ಟ್ರ ಪೊಲೀಸ್ ಆಕ್ಟ್ ಆಗಿ ಹೆಸರು ಬದಲಿಸಿಕೊಂಡಿತ್ತು. ಎರಡು ವರ್ಷದ ಅವಧಿ ಬರೆದರು, ಪಕ್ಕದಲ್ಲೇ "ಸಾರ್ವಜನಿಕ ಹಿತಕ್ಕಾಗಿ" ನಡುವೆ ಎತ್ತಿಹಾಕಬಹುದು ಎಂಬ ಕಿಟಕಿಯನ್ನೂ ಇಟ್ಟರು. ಜಿಲ್ಲೆಯ ಪ್ರಾಧಿಕಾರ ಜಿಲ್ಲೆಗೆ ಇಳಿಯಲೇ ಇಲ್ಲ, ವಿಭಾಗ ಮಟ್ಟದಲ್ಲಿ ನಿಂತಿತು. ಕಿಟಕಿಯಿಂದ ಯಾರು ನುಗ್ಗುತ್ತಾರೆ ಎಂದು ನಾನು ಹೇಳಬೇಕೆ?

ಇದರ ಬೆಲೆ ಏನು ಎಂದು ಬದಲಾಪುರ ತೋರಿಸಿತು. 2024ರ ಆಗಸ್ಟ್. ನರ್ಸರಿಗೆ ಹೋಗುವ ಎರಡು ಪುಟ್ಟ ಹೆಣ್ಣುಮಕ್ಕಳ ಮೇಲೆ ಶಾಲೆಯಲ್ಲೇ ದೌರ್ಜನ್ಯ. ದೂರು ದಾಖಲಾಗಲು ಹತ್ತು-ಹನ್ನೆರಡು ತಾಸು ಕಾಯಬೇಕಾಯಿತು ಎಂದು ಮನೆಯವರು ಹೇಳಿದರು, ಹೈಕೋರ್ಟೂ ಈ ವಿಳಂಬಕ್ಕೆ ಚಾಟಿ ಬೀಸಿತು. ಯಾವ ಠಾಣೆಗೆ ಹೋದರೂ ದೂರು ಬರೆದುಕೊಳ್ಳಲೇಬೇಕು ಎಂಬ ಹೊಸ ಸಂಹಿತೆಯ 173ನೇ ಕಲಮು ಜಾರಿಗೆ ಬಂದದ್ದು ಅದೇ ವರ್ಷದ ಜುಲೈ 1ರಂದು. ಆರು ವಾರಕ್ಕೇ ಅದರ ಬಣ್ಣ ಬಯಲಾಯಿತು! ಆಗಸ್ಟ್ 20ರಂದು ಜನ ರೈಲು ಹಳಿಯ ಮೇಲೆ ಕೂತರು, ಸುಮಾರು ಹತ್ತು ತಾಸು. "ರೈಲು ತಡೆಯುವುದು ಸರಿಯೇ?" ಎಂದು ಆವತ್ತು ವಾಟ್ಸಾಪಿನಲ್ಲಿ ನಮ್ಮವರೇ ಎಷ್ಟು ಜನ ಬರೆದರು! ಸರಿಯಲ್ಲ ನಿಜ. ಆದರೆ ಠಾಣೆಯ ಬಾಗಿಲಲ್ಲಿ ಕೇಳಿಸದ ಮಾತು ಹಳಿಯ ಮೇಲೆ ಮಾತ್ರ ಕೇಳಿಸುತ್ತದೆ ಎಂದು ಜನರಿಗೆ ಕಲಿಸಿದವರು ಯಾರು? ಹಳಿಯ ಮೇಲೆ ಕೂತ ಮೇಲೆ ತಾನೇ ಅಧಿಕಾರಿಗಳ ಅಮಾನತು ಆದದ್ದು?

ಮುಂದಿನದು ಇನ್ನೂ ಕೆಟ್ಟದ್ದು. ಸೆಪ್ಟೆಂಬರ್ 23ರಂದು ಆರೋಪಿ ಪೊಲೀಸ್ ವ್ಯಾನಿನಲ್ಲೇ, ಮುಂಬ್ರಾ ಹತ್ತಿರ ಗುಂಡಿಗೆ ಬಲಿಯಾದ. ಬಂದೂಕು ಕಿತ್ತುಕೊಂಡು ಹಾರಿಸಿದ, ಅದಕ್ಕೆ ನಾವೂ ಹಾರಿಸಿದೆವು ಎಂದರು ಪೊಲೀಸರು. 2025ರ ಜನವರಿಯಲ್ಲಿ ಹೈಕೋರ್ಟಿನ ಮುಂದೆ ಬಂದ ಮ್ಯಾಜಿಸ್ಟ್ರೇಟ್ ವರದಿ ಆ ಮಾತನ್ನು ನಂಬಲಿಲ್ಲ, ಐವರು ಪೊಲೀಸರತ್ತ ಬೆರಳು ತೋರಿಸಿತು. ಸುದ್ದಿ ಬಂದ ರಾತ್ರಿ ನಮ್ಮ ಬಿಲ್ಡಿಂಗಿನಲ್ಲಿ ಪೇಢೆ ಹಂಚಿದವರಲ್ಲಿ ಕನ್ನಡದವರೂ ಇದ್ದರು. ನನಗೂ ಒಂದು ಬಂತು. ತಿನ್ನಲಿಲ್ಲ. ಮಕ್ಕಳ ಮೇಲೆ ಕೈ ಮಾಡಿದವನ ಮೇಲೆ ಕರುಣೆಯಿಂದಲ್ಲ. ವಿಚಾರಣೆ ಆಗಿದ್ದರೆ ಶಾಲೆಯವರು ಏನು ಮಾಡಿದರು, ಪೊಲೀಸರು ಏನು ಮಾಡಲಿಲ್ಲ ಎಂದೆಲ್ಲ ಕೋರ್ಟಿನಲ್ಲಿ ಒಂದೊಂದಾಗಿ ಹೇಳಬೇಕಿತ್ತು. ಅದರ ಬಹುಪಾಲು ವ್ಯಾನಿನಲ್ಲೇ ಮುಗಿಯಿತು.

ನಮ್ಮವರಿಗೆ ಖಡಕ್ ಅಧಿಕಾರಿ ಅಂದರೆ ಪ್ರೀತಿ. ಕಾರ್ಕಳದ ಕಡೆಯಿಂದ ಬಂದು, ಹೋಟೆಲಿನಲ್ಲಿ ದುಡಿಯುತ್ತ ಓದಿ ಪೊಲೀಸ್ ಅಧಿಕಾರಿಯಾದ ದಯಾ ನಾಯಕರ ಹೆಸರು ಹೇಳುವಾಗ ಎದೆ ಉಬ್ಬಿಸುತ್ತಾರೆ. ಆ ಓದಿಗೆ, ಆ ದುಡಿಮೆಗೆ ನನ್ನದೂ ನಮಸ್ಕಾರ. ಆದರೆ ಎನ್‌ಕೌಂಟರ್ ಎಂಬುದು ಊರಿನ ಭದ್ರತೆಯ ಯೋಜನೆ ಆಗುವುದಿಲ್ಲ. ಕ್ಯಾಮೆರಾ ಕೂಡ ಅಷ್ಟೇ. 2024ರ ಫೆಬ್ರವರಿ 2ರಂದು ಉಲ್ಲಾಸನಗರದ ಹಿಲ್‌ಲೈನ್ ಠಾಣೆಯಲ್ಲಿ, ಹಿರಿಯ ಇನ್ಸ್‌ಪೆಕ್ಟರರ ಕೋಣೆಯ ಒಳಗೇ, ಆಡಳಿತ ಪಕ್ಷದ ಶಾಸಕರೊಬ್ಬರು ಮಿತ್ರಪಕ್ಷದ ನಾಯಕನ ಮೇಲೆ ಗುಂಡು ಹಾರಿಸಿದ್ದನ್ನು ಸಿಸಿಟಿವಿ ನೋಡುತ್ತಲೇ ಇತ್ತು. ನಾವೂ ಟಿವಿಯಲ್ಲಿ ನೋಡಿದೆವು. ಒಂದು ಜಾಗದ ತಕರಾರು, ಎರಡೂ ಕಡೆಯವರು ಠಾಣೆಯಲ್ಲಿ ಕೂತಿದ್ದರು!

ಇಲ್ಲಿ ನಮ್ಮ ಗೆಳೆಯರೊಬ್ಬರು ತಡೆಯುತ್ತಾರೆ. ಥಾಣೆಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದವರು. "ನೀವು ಪೊಲೀಸನ್ನು ವಾರ್ಡಿಗೆ ಇಳಿಸಿದರೆ ಗತಿ ಏನು ಗೊತ್ತುಂಟಾ? ಈಗ ಒಂದು ಹಫ್ತಾ, ಆಮೇಲೆ ಎರಡು. ಮತ್ತೆ ನಾವು ಹೊರಗಿನವರು. ನಾಳೆ ಪರಪ್ರಾಂತೀಯರನ್ನು ಓಡಿಸಿ ಅಂತ ಶುರುವಾದರೆ ಲೋಕಲ್ ಸಮಿತಿ ಯಾರ ಕಡೆ ನಿಲ್ಲುತ್ತದೆ?" ಇದು ತಳ್ಳಿಹಾಕುವ ಮಾತಲ್ಲ. 1960ರ ದಶಕದ ಕೊನೆಯಲ್ಲಿ ಉಡುಪಿ ಹೋಟೆಲುಗಳ ಗಾಜು ಒಡೆದದ್ದನ್ನು ಅವರ ಮಾವ ಕಣ್ಣಾರೆ ಕಂಡವರು. 2008ರ ಅಕ್ಟೋಬರಿನಲ್ಲಿ ರೈಲ್ವೆ ಪರೀಕ್ಷೆ ಬರೆಯಲು ಬಂದ ಉತ್ತರದ ಹುಡುಗರನ್ನು ಹೊಡೆದು, ಆಮೇಲೆ ಕಲ್ಯಾಣ-ಡೊಂಬಿವಲಿಯಲ್ಲಿ ಗಲಾಟೆಯಾದಾಗ ನಾವೂ ಬಾಗಿಲು ಹಾಕಿಕೊಂಡು ಒಳಗಿದ್ದೆವು. ಮರಾಠಿಯಲ್ಲೇ ಮಾತಾಡಿ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದೆವು.

ಆದರೆ ಗೆಳೆಯರೇ, ಆ ಎರಡೂ ಸಲ ಪೊಲೀಸ್ ಯಾರ ಕೈಯಲ್ಲಿತ್ತು? ಮಂತ್ರಾಲಯದ ಕೈಯಲ್ಲೇ ಅಲ್ಲವೇ? ದೂರದ ಅಧಿಕಾರ ನಮ್ಮನ್ನು ಕಾಯಿತೇ? ಹಫ್ತಾ ನಿಂತಿತೇ? ಹಿಲ್‌ಲೈನ್‌ನಲ್ಲಿ ಪುಢಾರಿ ಠಾಣೆಯ ಒಳಗೆ ಬಂದು ಕೂತದ್ದು ವಿಕೇಂದ್ರೀಕರಣದಿಂದ ಅಲ್ಲ. ಬಾಗಿಲು ಅವರಿಗೆ ಮೊದಲೇ ತೆರೆದಿದೆ, ಮುಚ್ಚಿರುವುದು ನಮಗೆ ಮಾತ್ರ. ಪೊಲೀಸಿಗೆ ಹುಕುಂ ಕೊಡುವ ಅಧಿಕಾರ ನಗರಸೇವಕನಿಗೆ ಬೇಡವೇ ಬೇಡ. ವರ್ಗಾವಣೆ ಅವನ ಕೈಗೆ ಬೇಡ, ತನಿಖೆಯ ಕಾಗದ ಅವನು ಮುಟ್ಟಕೂಡದು. ಇಂಗ್ಲೆಂಡಿನಲ್ಲಿ 2012ರಲ್ಲಿ ಪೊಲೀಸ್ ಕಮಿಷನರರನ್ನೇ ಚುನಾವಣೆ ಮಾಡಿ ಆರಿಸಹೊರಟರು, ನೂರಕ್ಕೆ ಸುಮಾರು ಹದಿನೈದು ಜನ ಮಾತ್ರ ಮತ ಹಾಕಲು ಬಂದರು. ಅದೂ ಬೇಡ. ನಾನು ಕೇಳುವುದು ಉತ್ತರ ಕೊಡುವ ಕಟ್ಟುಪಾಡು. ತಿಂಗಳಿಗೊಮ್ಮೆ ಹಿರಿಯ ಇನ್ಸ್‌ಪೆಕ್ಟರು ವಾರ್ಡಿನ ಜನರ ಮುಂದೆ ಕೂತು, ಎಷ್ಟು ದೂರು ಬಂತು, ಎಷ್ಟು ಬರೆದುಕೊಂಡೆವು, ಎಷ್ಟನ್ನು "ಕಳೆದುಹೋಗಿದೆ" ಎಂದು ಬರೆದೆವು ಎಂದು ಓದಿ ಹೇಳಲಿ. ಬೀಟಿನ ಪೊಲೀಸನ ಹೆಸರು ಪ್ರತಿ ಸೊಸೈಟಿಯ ಬೋರ್ಡಿನಲ್ಲಿರಲಿ, ಎರಡು ವರ್ಷ ಅವನು ಅಲ್ಲೇ ಇರಲಿ, ಎತ್ತಿಹಾಕಿದರೆ ಕಾರಣ ಬರಹದಲ್ಲಿ ಬರಲಿ. ಸಮಿತಿಯಲ್ಲಿ ಹೆಂಗಸರು, ಬಾಡಿಗೆ ಮನೆಯವರು, ಮರಾಠಿ ಮನೆಮಾತಲ್ಲದವರು ಇರಲೇಬೇಕು ಎಂದು ಕಾನೂನೇ ಹೇಳಲಿ. ಭಿವಂಡಿಯಲ್ಲಿ ಎರಡೂ ಕಡೆಯವರನ್ನು ಒಂದೇ ಚಾಪೆಯ ಮೇಲೆ ಕೂರಿಸಿದ್ದರಿಂದ ತಾನೇ ಅದು ನಡೆದದ್ದು? ಪೊಲೀಸರ ಮೇಲಿನ ದೂರು ಕೇಳುವ ಕಚೇರಿ ಕಲ್ಯಾಣದಲ್ಲೇ ಇರಲಿ. ಒಂದು ದಿನದ ಸಂಬಳ ಬಿಟ್ಟು ಹೋಗುವ ದೂರ ಬೇಡ.

ಕೇಳಬೇಕಾದ ನಾವು ಮಾಡುತ್ತಿರುವುದೇನು? ನಮ್ಮ ಸಂಘವೊಂದರ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಒಬ್ಬ ಪೊಲೀಸ್ ಅಧಿಕಾರಿ ಮುಖ್ಯ ಅತಿಥಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಅವರೊಡನೆ ಫೋಟೋಗೆ ನೂಕುನುಗ್ಗಲು. ಮೂವತ್ತು ವರ್ಷದಲ್ಲಿ ಒಂದು ಪ್ರಶ್ನೆ ಕೇಳಿದ್ದು ನಾನು ನೋಡಿಲ್ಲ. ನಾನೂ ಕೇಳಿಲ್ಲ, ಎರಡು ಸಲ ಹಾರ ಹಾಕಿದವರಲ್ಲಿ ನಾನೂ ಒಬ್ಬ.

2020ರ ಕೊನೆಗೆ ಅವಧಿ ಮುಗಿದ ಕಲ್ಯಾಣ-ಡೊಂಬಿವಲಿ ಪಾಲಿಕೆಗೆ ಐದು ವರ್ಷ ನಗರಸೇವಕರೇ ಇರಲಿಲ್ಲ, ಆಡಳಿತಾಧಿಕಾರಿಯ ರಾಜ್ಯ. ಗಟಾರದ ದೂರು ಹೇಳಲೂ ಜನ ಇರಲಿಲ್ಲ. 2026ರ ಜನವರಿ 15ರಂದು ಅಂತೂ ಮತದಾನ ಆಯಿತು. ಈಗ ಪ್ಯಾನೆಲ್ ಪದ್ಧತಿ, ಒಂದೇ ವಾರ್ಡಿಗೆ ಮೂರು-ನಾಲ್ಕು ಜನ. ಮತ ಕೇಳಲು ಬಂದಾಗ ನಮ್ಮ ಮಹಡಿಗೂ ಹತ್ತಿದ್ದರು, ಕೈ ಮುಗಿದಿದ್ದರು. ಮುಂದಿನ ಸೊಸೈಟಿ ಮೀಟಿಂಗಿಗೆ ಅವರನ್ನೂ ಬೀಟಿನ ಪೊಲೀಸನ್ನೂ ಒಟ್ಟಿಗೆ ಕರೆಯೋಣ ಎಂದು ಸೆಕ್ರೆಟರಿಗೆ ಚೀಟಿ ಕೊಟ್ಟಿದ್ದೇನೆ. ಹಾರ ಬೇಡ, ಚಹಾ ಸಾಕು ಎಂದು ಕೆಳಗೆ ಬರೆದಿದ್ದೇನೆ. ಅದನ್ನು ಓದಿ ನನ್ನ ಹೆಂಡತಿ, "ಆ ಮೆಟ್ಟಿಲಿನ ವಿಷಯವೂ ಕೇಳಿ" ಎಂದಳು. ಆ ತುಂಡು ಸರ ಇನ್ನೂ ಅವಳ ಕಪಾಟಿನಲ್ಲಿದೆ, ದೂರಿನ ಪ್ರತಿಯ ಜೊತೆಗೆ.